ದ್ವಿದಳ ವ್ರತ

ಒಂಬತ್ತನೇ ತರಗತಿಯಲ್ಲಿ ಸಾರಜನಕದ ಪಾಠ ಬಂತೆಂದರೆ ವಾರಿಜಾ ಮೇಡಂಗೆ ಹಬ್ಬ. ಬನಶಂಕರಿ ಎರಡನೇ ಹಂತದ ಆ ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷದಿಂದ ಅದೇ ಪಾಠವನ್ನು ಅದೇ ಹುಮ್ಮಸ್ಸಿನಲ್ಲಿ ಮಾಡಿಕೊಂಡು ಬಂದವಳು. ಪುಸ್ತಕ ತೆರೆಯುವುದಕ್ಕೆ ಮುಂಚೆ ಮಕ್ಕಳನ್ನೆಲ್ಲ ಎದ್ದು ನಿಲ್ಲಿಸಿ ಎದೆ ತುಂಬ ಉಸಿರೆಳೆದುಕೊಳ್ಳಲು ಹೇಳುತ್ತಿದ್ದಳು.

“ಈಗ ಒಳಗೆ ಹೋಯ್ತಲ್ಲ ಗಾಳಿ, ಅದ್ರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಸಾರಜನಕ. ಈಗ ಬಿಡಿ. ಒಂದು ಚೂರಾದ್ರೂ ಒಳಗೆ ಉಳೀತಾ? ಉಳಿಯಲ್ಲ. ಗಾಳಿಯಿಂದ ಅದನ್ನ ಹಿಡ್ಕೊಳ್ಳೋ ಶಕ್ತಿ ಯಾವ ಪ್ರಾಣಿಗೂ ಇಲ್ಲ. ಆನೆಗೂ ಇಲ್ಲ, ಇರುವೆಗೂ ಇಲ್ಲ, ನಮ್ಮ ಹೆಡ್‌ಮಾಸ್ಟ್ರಿಗೂ ಇಲ್ಲ.”

ಮಕ್ಕಳು ನಕ್ಕ ಮೇಲೆ ಯಾರದಾದರೂ ಊಟದ ಡಬ್ಬಿ ತೆಗೆಸುವಳು. ಹುಳಿಯನ್ನ ಇದ್ದರೆ ಆಯಿತು, ಅವಳ ಪಾಠ ಅಲ್ಲಿಂದಲೇ ಹೊರಡುತ್ತಿತ್ತು. ಹುಳಿಯಲ್ಲಿ ಬೇಳೆ, ಬೇಳೆಯ ಹಿಂದೆ ತೊಗರಿ ಗಿಡ, ಗಿಡದ ಬೇರಿನಲ್ಲಿ ಸಣ್ಣ ಸಣ್ಣ ಗಂಟು, ಆ ಗಂಟಿನೊಳಗೆ ಕಣ್ಣಿಗೆ ಕಾಣದ ಜೀವಿಗಳು. ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವವು ಅವೇ. ಗಿಡ ಅದರಿಂದ ಪ್ರೋಟೀನು ಮಾಡಿಕೊಳ್ಳುತ್ತದೆ. ಸೊಪ್ಪು ಮೇಯ್ದ ಹಸುವಿನ ಮೈಗೆ ಅದು ಹೋಗುತ್ತದೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ನಮಗೆ. ಹುಲಿಯಾದರೆ ಹಸುವನ್ನೇ ತಿಂದು ಪಡೆಯುತ್ತದೆ. “ತಿಂದೋರಿಗೆ ಉಂಟು, ತಿನ್ನದೆ ಇದ್ದೋರಿಗೆ ಇಲ್ಲ. ಅಷ್ಟೇ ಪಾಠ, ಕೂತ್ಕೊಳ್ಳಿ” ಎಂದು ಮುಗಿಸುತ್ತಿದ್ದಳು.

ಇಷ್ಟು ಚೆನ್ನಾಗಿ ಪಾಠ ಹೇಳುವವಳ ಸ್ವಂತ ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಕೇಳಿದರೆ ನೀವು ತಲೆ ಚಚ್ಚಿಕೊಳ್ಳುತ್ತೀರಿ. ಅವಳೂ ಆಮೇಲೆ ಅದನ್ನೇ ಮಾಡಿದಳು.

ಜಯನಗರ ಏಳನೇ ಬ್ಲಾಕಿನ ಮನೆಯಲ್ಲಿ ಇದ್ದವರು ಇಬ್ಬರೇ. ನಲವತ್ತಮೂರರ ವಾರಿಜಾ, ಮದುವೆ ಎಂಬುದು ಯಾವಾಗ ಕೈತಪ್ಪಿತು ಎಂದು ನೆನಪಿಟ್ಟುಕೊಳ್ಳದವಳು. ಮತ್ತು ಎಪ್ಪತ್ತೊಂದು ವರ್ಷದ ಅವಳ ತಾಯಿ, ಬೀದಿಯವರೆಲ್ಲ ಅಮ್ಮಣ್ಣಿ ಎಂದು ಕರೆಯುತ್ತಿದ್ದ ಮಡಿ ಹೆಂಗಸು. ತಂದೆ ಹೋದದ್ದು ಹಿಂದಿನ ವರ್ಷ, ತೊಂಬತ್ತೇಳರ ಕಾರ್ತಿಕ ಮಾಸದಲ್ಲಿ. ಕಿಡ್ನಿ ಕೈಕೊಟ್ಟಿತ್ತು. ಎರಡು ವರ್ಷ ಅವರಿಗೆ ಬೇಳೆ ಕಡಿಮೆ, ಹಾಲು ಕಡಿಮೆ, ಉಪ್ಪು ಕಡಿಮೆ. ಅಮ್ಮಣ್ಣಿ ಅಳೆದು ಸುರಿದು ಬಡಿಸಿದಳು, ಆದರೂ ಕಾಲು ಊದಿಕೊಂಡು, ಮುಖ ಊದಿಕೊಂಡು ಹೋದರು.

ಆದ್ದರಿಂದ ತೊಂಬತ್ತೆಂಟರ ಶ್ರಾವಣದಲ್ಲಿ ಅಮ್ಮನ ಕಾಲೂ ಊದತೊಡಗಿದಾಗ ವಾರಿಜಾ ತಕ್ಷಣ ಒತ್ತಿ ನೋಡಿದಳು. ಬೆರಳಲ್ಲಿ ಒತ್ತಿದರೆ ಪಾದದಲ್ಲಿ ಗುಳಿ ಬಿದ್ದು, ಬೆರಳು ತೆಗೆದ ಮೇಲೂ ಹಾಗೇ ಉಳಿಯುತ್ತಿತ್ತು. ಅಪ್ಪನದನ್ನು ಕಣ್ಣಾರೆ ಕಂಡವಳಿಗೆ ಇನ್ನೊಬ್ಬರು ಹೇಳಬೇಕೆ? ಇದು ಕಿಡ್ನಿಯೇ ಎಂದು ತೀರ್ಮಾನಿಸಿದಳು. ಡಾಕ್ಟರ ಹತ್ತಿರ ಹೋಗೋಣವೆಂದರೆ ಅಮ್ಮಣ್ಣಿ, “ಚಾತುರ್ಮಾಸ್ಯ ಮುಗೀಲಿ, ಮಡಿ ಬಿಟ್ಟು ಎಲ್ಲೂ ಬರಲ್ಲ” ಎಂದಳು. ಸರಿ, ಅಷ್ಟರವರೆಗೆ ತನಗೆ ತಿಳಿದದ್ದನ್ನು ತಾನು ಮಾಡೋಣ ಎಂದುಕೊಂಡಳು ಮಗಳು. ತಿಳಿದದ್ದು ಅವಳಿಗೆ ಬೇಕಾದಷ್ಟಿತ್ತು. ದೇಹ ಬಳಸಿ ಬಿಟ್ಟ ಸಾರಜನಕವನ್ನು ಹೊರಗೆ ಹಾಕುವುದು ಕಿಡ್ನಿಯ ಕೆಲಸ. ಅದು ಸೋತಾಗ ಒಳಗೆ ಕಳಿಸುವುದನ್ನೇ ಕಡಿಮೆ ಮಾಡಬೇಕು. ಪುಸ್ತಕದಲ್ಲಿ ಹಾಗೇ ಇದೆ.

ಚಾತುರ್ಮಾಸ್ಯವೆಂದರೆ ಗೊತ್ತಿರಬಹುದು. ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು, ಒಂದೊಂದು ತಿಂಗಳು ಒಂದೊಂದನ್ನು ಬಿಡುವ ವ್ರತ. ಮೊದಲ ತಿಂಗಳು ತರಕಾರಿ, ಎರಡನೆಯದು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ದ್ವಿದಳ, ಅಂದರೆ ಎರಡಾಗಿ ಒಡೆಯುವ ಬೇಳೆಕಾಳು. ಹೊಸದನ್ನು ಬಿಟ್ಟಾಗ ಹಳೆಯದನ್ನು ಮತ್ತೆ ತೆಗೆದುಕೊಳ್ಳಬಹುದು. ಹಾಗೆ ಮಾಡಿದವರಾರೂ ಸೊರಗಿದ್ದಿಲ್ಲ. ನಲವತ್ತೆಂಟು ವರ್ಷ ಗಂಡನ ಜೊತೆ ಕೂತು ಸಂಕಲ್ಪ ಮಾಡಿ ನಡೆಸಿದ ಅಮ್ಮಣ್ಣಿ ಗುಂಡುಗುಂಡಾಗಿಯೇ ಇದ್ದಳು.

ಮೊಸರಿನ ತಿಂಗಳು ಬಂದಾಗ ವಾರಿಜಾ, “ಬಿಡಮ್ಮ, ಒಳ್ಳೇದೇ ಆಯ್ತು, ನಿನ್ನ ಕಾಲಿಗೆ ಅದು ಆಗಲ್ಲ” ಎಂದಳು. ಹಾಲಿನ ತಿಂಗಳಲ್ಲಿ, “ಇದೊಂದು ವಿಷಯದಲ್ಲಿ ನಿಮ್ಮ ಶಾಸ್ತ್ರಾನೂ ನಮ್ಮ ಸೈನ್ಸೂ ಒಂದೇ ಹೇಳ್ತಾವೆ ನೋಡು” ಎಂದು ಬೀಗಿದಳು. ಅಮ್ಮಣ್ಣಿ ಎಂದಿನಂತೆ ಬೆಳಿಗ್ಗೆ ಎಂಟಕ್ಕೆ ಮಗಳಿಗೆ ಹುಳಿ, ಪಲ್ಯ, ಮೊಸರನ್ನ ಮಾಡಿ ಡಬ್ಬಿ ಕಟ್ಟಿ ಕಳಿಸುವಳು. ಮಗಳು ಹೋದ ಮೇಲೆ ಇನ್ನೊಮ್ಮೆ ಮಿಂದು ಮಡಿಯುಟ್ಟು ತನ್ನ ಒಪ್ಪೊತ್ತಿನ ಅಡುಗೆ ಮಾಡಿಕೊಳ್ಳುವಳು. ರಜೆಯ ದಿನವೂ ಮಡಿಯೆಂದು ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಉಣ್ಣುವಳು. ಸಂಜೆ ಒಂದು ಹಿಡಿ ಅವಲಕ್ಕಿ. ಅಡುಗೆ ಮಾಡಿದವರು ಊಟವನ್ನೂ ಮಾಡಿರುತ್ತಾರೆ ಎಂದು ಮನೆಮನೆಯಲ್ಲೂ ಮಕ್ಕಳು ನಂಬಿಕೊಂಡಿರುತ್ತಾರಲ್ಲ, ವಾರಿಜಾ ಕೂಡ ಹಾಗೆಯೇ ನಂಬಿಕೊಂಡಿದ್ದಳು.

ದಸರಾ ರಜೆ ಮುಗಿದ ವಾರ ಅಮ್ಮಣ್ಣಿ ಬಚ್ಚಲಿನಿಂದ ಬರುವಾಗ ಗೋಡೆ ಹಿಡಿದು ಕುಸಿದಳು. ಇನ್ನು ಮಡಿಯ ಮಾತು ನಡೆಯಲಿಲ್ಲ. ವಾರಿಜಾ ಆಟೋ ಕರೆಸಿ ಪದ್ಮನಾಭನಗರದ ಡಾಕ್ಟರ್ ಗೌರೀಶಂಕರರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಅವರು ರಕ್ತ, ಮೂತ್ರ ಎರಡನ್ನೂ ಪರೀಕ್ಷೆಗೆ ಕಳಿಸಿದರು. ಮೂರನೆಯ ದಿನ ರಿಪೋರ್ಟು ತೋರಿಸಲು ವಾರಿಜಾ ಶಾಲೆ ಮುಗಿಸಿಕೊಂಡು ಒಬ್ಬಳೇ ಹೋದಳು. ಅವತ್ತು ಸಾರಜನಕದ ಪಾಠ ಮಾಡಿ ಬಂದಿದ್ದಳು. ಕೈಗೆ ಇನ್ನೂ ಸೀಮೆಸುಣ್ಣ ಅಂಟಿತ್ತು.

“ಕಿಡ್ನಿ ಎಷ್ಟು ಹೋಗಿದೆ ಡಾಕ್ಟ್ರೇ? ಇದ್ದದ್ದನ್ನ ಹೇಳಿ, ನಮ್ಮ ತಂದೇದು ನೋಡಿದೀನಿ” ಎಂದಳು ಕೂರುವ ಮೊದಲೇ.

“ಕಿಡ್ನಿಗೇನಾಗಿದೆ ಮೇಡಂ? ಫಸ್ಟ್ ಕ್ಲಾಸಾಗಿದೆ” ಎಂದರು ಡಾಕ್ಟರು. “ಹೊರಗೆ ಹಾಕೋಕೆ ಅದಕ್ಕೆ ಏನೂ ಸಿಗ್ತಾನೇ ಇಲ್ಲ, ಅಷ್ಟೆ. ಯೂರಿಯಾ ಇರಬೇಕಾದ್ದಕ್ಕಿಂತ ತುಂಬ ಕಡಿಮೆ. ರಕ್ತದಲ್ಲಿ ಪ್ರೋಟೀನೇ ಇಲ್ಲ. ಅದಿದ್ರೆ ತಾನೇ ನೀರು ರಕ್ತನಾಳದೊಳಗೆ ನಿಲ್ಲೋದು? ಇಲ್ದಿದ್ರೆ ಸೋರಿ ಕಾಲಿಗೆ ಇಳಿಯತ್ತೆ. ಏನು ಊಟ ಮಾಡ್ತಾರೆ ನಿಮ್ಮ ತಾಯಿ?”

ವಾರಿಜಾ ಬಾಯಿ ತೆರೆದಳು. ಅನ್ನ ಎಂದಳು. ಆಮೇಲೆ ಯೋಚಿಸಿದಳು. ಮತ್ತೆ ಅನ್ನ ಎಂದಳು.

“ಬೇಳೆ, ಹಾಲು, ಮೊಸರು?”

“ನಾನೇ... ನಾನೇ ಬೇಡ ಅಂದೆ ಡಾಕ್ಟ್ರೇ.”

ಗೌರೀಶಂಕರರು ಅವಳನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ನೀವು ಟೀಚರ್ ಅಲ್ವಾ?” ಎಂದು ಮಾತ್ರ ಕೇಳಿ, ಚೀಟಿ ಬರೆದುಕೊಟ್ಟರು. “ಮೂವತ್ತೇಳು ಕೆಜಿ ಇದಾರೆ, ಅದ್ರಲ್ಲಿ ಎರಡು ಮೂರು ಕೆಜಿ ಬರೀ ನೀರು. ಇವತ್ತಿಂದಲೇ ಬೇಳೆ, ಹಾಲು ಶುರುವಾಗಬೇಕು. ಈ ಸ್ಥಿತೀಲಿ ಒಂದು ಸಣ್ಣ ಜ್ವರ ಬಂದ್ರೂ ಅವ್ರು ತಡ್ಕೊಳ್ಳಲ್ಲ. ನಾನು ಹೆದರಿಸ್ತಿಲ್ಲ, ಇದ್ದದ್ದು ಹೇಳ್ತಿದೀನಿ.”

ಮನೆಗೆ ಬಂದವಳು ಚಪ್ಪಲಿ ಬಿಡುವಷ್ಟೂ ತಾಳಲಿಲ್ಲ. ಬಾಗಿಲಲ್ಲೇ ನಿಂತು, “ಅಮ್ಮ, ಇವತ್ತು ಮಧ್ಯಾಹ್ನ ಏನು ತಿಂದೆ?” ಎಂದಳು.

“ಅನ್ನ.”

“ಅನ್ನಕ್ಕೆ?”

“ತುಪ್ಪ, ಉಪ್ಪು. ಸ್ವಲ್ಪ ಮೆಣಸಿನಪುಡಿ.”

“ಇದು ದ್ವಿದಳದ ತಿಂಗಳು, ಬೇಳೆ ಬೇಡ ಸರಿ. ಹಾಲು ತಗೋಬಹುದಲ್ಲ? ಮೊಸರು? ತರಕಾರಿ? ಅವೆಲ್ಲ ಮುಗಿದು ಹೋದ ತಿಂಗಳದ್ದಲ್ವಾ?”

ಅಮ್ಮಣ್ಣಿ ಬತ್ತಿ ಹೊಸೆಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ಮುಗಿದಿಲ್ಲ ಕಣೇ” ಎಂದಳು.

ಮುಗಿದಿಲ್ಲ ಎಂದರೆ ಏನೆಂದು ಹೊರಬರಲು ಅರ್ಧ ಗಂಟೆ ಹಿಡಿಯಿತು. ಹಿಂದಿನ ವರ್ಷ ಯಜಮಾನರು ಹೋದದ್ದು ಉತ್ಥಾನ ದ್ವಾದಶಿಗೆ ಐದು ದಿನ ಇರುವಾಗ. ವ್ರತ ಮುಗಿಸಿ, ಬಿಟ್ಟ ಪದಾರ್ಥಗಳನ್ನು ದಾನ ಕೊಟ್ಟು, ದೇವರಿಗೆ ಒಪ್ಪಿಸಬೇಕಾದ ದಿನ ಅದು. ಆ ದ್ವಾದಶಿಯ ಹೊತ್ತಿಗೆ ಮನೆಯಲ್ಲಿ ಸೂತಕ. ದಾನವೂ ಇಲ್ಲ, ಒಪ್ಪಿಸುವುದೂ ಇಲ್ಲ. ಹಾಗಾಗಿ ಅಮ್ಮಣ್ಣಿಯ ಪ್ರಕಾರ ಆ ವ್ರತ ಇನ್ನೂ ತೆರೆದೇ ಇತ್ತು. ಅವತ್ತು ಬಿಟ್ಟಿದ್ದ ಬೇಳೆಯನ್ನು ಆಮೇಲೆ ಮುಟ್ಟಿರಲಿಲ್ಲ. ಈ ವರ್ಷ ಆಷಾಢ ಬಂತು. ಹಳೆಯದೇ ಮುಗಿಯದೆ ಹೊಸದು ಮುಗಿಯುವುದು ಹೇಗೆ? ತರಕಾರಿ ಬಿಟ್ಟಳು, ಮತ್ತೆ ತೆಗೆದುಕೊಳ್ಳಲಿಲ್ಲ. ಮೊಸರು ಬಿಟ್ಟಳು, ತೆಗೆದುಕೊಳ್ಳಲಿಲ್ಲ. ಹಾಲು ಬಿಟ್ಟಳು.

ಹನ್ನೊಂದು ತಿಂಗಳು! ಹನ್ನೊಂದು ತಿಂಗಳು ದಿನಾ ಬೆಳಿಗ್ಗೆ ತನಗೆ ತೊಗರಿಬೇಳೆ ಬೇಯಿಸಿ, ಮಸೆದು, ಒಗ್ಗರಣೆ ಹಾಕಿ ಡಬ್ಬಿ ಕಟ್ಟಿದ ಕೈ ಅದರ ಒಂದು ಅಗುಳನ್ನೂ ಬಾಯಿಗಿಟ್ಟಿರಲಿಲ್ಲ. ಆ ಡಬ್ಬಿಯನ್ನೇ ಶಾಲೆಗೆ ಒಯ್ದು ತಾನು ನಲವತ್ತೆಂಟು ಮಕ್ಕಳ ಮುಂದೆ ಆನೆ, ಇರುವೆ ಎಂದು ನಗಿಸುತ್ತಿದ್ದಳು. ವಾರಿಜಾಗೆ ತನ್ನ ಮೇಲೆ ಅಸಹ್ಯವಾಯಿತು.

“ಹೀಗೇ ಮಾಡಿದ್ರೆ ನೀನು ಉಳಿಯಲ್ಲ ಅಮ್ಮ. ಯಾವ ಪ್ರಾಣಿಗೂ ಬರೀ ಅನ್ನ ಸಾಕಾಗಲ್ಲ.”

“ನಾನೇನು ನಿನ್ನ ಪಾಠದ ಪ್ರಾಣಿಯಾ?” ಎಂದು ಅಮ್ಮಣ್ಣಿ ನಕ್ಕಳು. ಊದಿದ ಕಣ್ಣರೆಪ್ಪೆಯ ಆ ನಗು ನೋಡಲಾಗಲಿಲ್ಲ.

ಮಾರನೆಯ ದಿನ ರಜೆ ಹಾಕಿ ವಾರಿಜಾ ವೆಂಕಟಾಚಲ ಆಚಾರ್ಯರ ಮನೆಗೆ ಓಡಿದಳು. ಅಪ್ಪನ ಕರ್ಮಗಳನ್ನು ಮಾಡಿಸಿದ್ದವರು ಅವರೇ. ಸಿಡುಕರು, ಆದರೆ ಒಳ್ಳೆಯವರು. ಎಲ್ಲ ಕೇಳಿ ಹಣೆ ಹಣೆ ಬಡಿದುಕೊಂಡರು.

“ಯಾವ ಶಾಸ್ತ್ರದಲ್ಲಿದೆಯಂತೆ ಹೀಗೆ? ಸೂತಕ ಬಂದ್ರೆ ಶುದ್ಧವಾದ್ಮೇಲೆ ಕೊಟ್ಟು ಮುಗಿಸಿದ್ರಾಯ್ತು. ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಕಾಯಿಲೆಯವರಿಗೆ, ವಯಸ್ಸಾದವರಿಗೆ ವ್ರತದಲ್ಲಿ ರಿಯಾಯಿತಿ ಇದ್ದೇ ಇದೆ. ನಾಳೆ ಬೆಳಿಗ್ಗೆ ಬರ್ತೀನಿ ಕಣಮ್ಮ. ಎರಡು ವರ್ಷದ್ದೂ ಒಟ್ಟಿಗೆ ಮುಗಿಸಿ, ನನ್ನೆದುರಿಗೇ ಒಂದು ಲೋಟ ಹಾಲು ಕುಡಿಸಿ ಹೋಗ್ತೀನಿ.”

ಹೇಳಿದಂತೆ ಬಂದರು. ವಾರಿಜಾ ಬೇಳೆ, ಬೆಲ್ಲ, ಹಾಲು, ಮೊಸರು, ಐದು ಬಗೆ ತರಕಾರಿ ಜೋಡಿಸಿಟ್ಟಿದ್ದಳು. ಅಮ್ಮಣ್ಣಿ ಮಣೆಯ ಮೇಲೆ ಕೂತಳು. ಆಚಾರ್ಯರು ನೀರು ಹಾಕಲು ಉದ್ಧರಣೆ ಎತ್ತಿದರೆ ಕೈ ಚಾಚಲಿಲ್ಲ.

“ಬೇಡ ಆಚಾರ್ರೇ.”

“ಏನಮ್ಮ ಬೇಡ? ದೋಷವಿಲ್ಲ ಅಂತ ನಾನು ಹೇಳ್ತಿದೀನಿ.”

“ದೋಷ ಇಲ್ಲ ಅಂತ ನನಗೂ ಗೊತ್ತು.” ಅಮ್ಮಣ್ಣಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ಕೇಳಿದ್ರೆ ನೀವು ಮುಗಿಸಿ ಅಂತೀರಾ ಅಂತಲೂ ಗೊತ್ತಿತ್ತು. ಅದಕ್ಕೇ ಕೇಳಲಿಲ್ಲ. ಅವ್ರ ಜೊತೆ ಕೂತು ಶುರುಮಾಡಿದ್ದು. ಉಳಿದದ್ದೆಲ್ಲ ಮುಗಿದುಹೋಯ್ತು, ಅವ್ರ ಬಟ್ಟೆ ಕೊಟ್ಟಾಯ್ತು, ಮಂಚ ಕೊಟ್ಟಾಯ್ತು. ಅವ್ರು ಶುರುಮಾಡಿ ಇನ್ನೂ ನಡೀತಿರೋದು ಅಂದ್ರೆ ಇದೊಂದೇ. ಇದನ್ನೂ ಮುಗಿಸಿಬಿಟ್ರೆ ನನಗೇನಿದೆ?”

ಆಚಾರ್ಯರು ಉದ್ಧರಣೆಯನ್ನು ಕೆಳಗಿಟ್ಟರು. ಶಾಸ್ತ್ರಕ್ಕೆ ಶಾಸ್ತ್ರದಲ್ಲಿ ಉತ್ತರ ಕೊಡಬಲ್ಲವರು ಅವರು, ಇದು ಶಾಸ್ತ್ರವಾಗಿರಲಿಲ್ಲ. ಗೇಟಿನ ಹತ್ತಿರ ವಾರಿಜಾಗೆ, “ಬಲವಂತ ಮಾಡ್ಬೇಡ ಮಗು, ನಿಧಾನಕ್ಕೆ ಹೇಳು” ಎಂದು ಹೊರಟುಹೋದರು.

ನಿಧಾನಕ್ಕೆ ಹೇಳುವಷ್ಟು ಹೊತ್ತು ಎಲ್ಲಿತ್ತು? ವಾರಿಜಾ ಅತ್ತಳು, ಬೈದಳು, ಕಾಲು ಹಿಡಿದಳು. ಹಿಡಿದ ಕಾಲಿನಲ್ಲಿ ಅವಳ ಹತ್ತು ಬೆರಳಿನ ಗುಳಿ ಬಿತ್ತು. “ಅಪ್ಪ ಒಬ್ರೇನಾ ನಿನಗೆ? ನಾನು ಯಾರೂ ಅಲ್ವಾ?” ಎಂದು ಕೇಳಿದ್ದಕ್ಕೆ ಅಮ್ಮಣ್ಣಿ ಅವಳ ತಲೆ ಸವರಿದಳು. ಅಪ್ಪನ ಜೊತೆ ಅಮ್ಮನಿಗಿದ್ದ ಲೋಕದಲ್ಲಿ ತನಗೆ ಪ್ರವೇಶವಿಲ್ಲ ಎಂದು ವಾರಿಜಾಗೆ ಚಿಕ್ಕಂದಿನಿಂದ ಅನ್ನಿಸಿದ್ದುಂಟು. ಆದರೆ ಅದು ಈಗಿನಷ್ಟು ನೋವು ಕೊಟ್ಟಿರಲಿಲ್ಲ.

ಅವತ್ತು ಸಂಜೆ ಅವಳು ಇನ್ನೊಂದು ದಾರಿ ಹಿಡಿದಳು. “ಆಯ್ತಮ್ಮ, ನಿನ್ನ ವ್ರತ ನಿನಗೆ. ಆದ್ರೆ ನಿಂತು ಅಡುಗೆ ಮಾಡೋ ಶಕ್ತಿ ನಿನಗಿಲ್ಲ. ಇನ್ಮೇಲೆ ನಿನಗೂ ನಾನೇ ಮಾಡ್ತೀನಿ, ಅಕ್ಕಿಹಿಟ್ಟಿನ ಗಂಜಿ. ಅದಾದ್ರೂ ಒಪ್ಕೋ” ಎಂದಳು. ಅಮ್ಮಣ್ಣಿ ಮಗಳ ಮುಖವನ್ನು ಒಂದು ಗಳಿಗೆ ನೋಡಿ, “ಮಡಿಯಲ್ಲಿ ಮಾಡಬೇಕು” ಎಂದಳು. ಮಾಡುತ್ತೇನೆಂದು ವಾರಿಜಾ ಒಪ್ಪಿಕೊಂಡಳು.

ಮಡಿಯಲ್ಲೇ ಮಾಡಿದಳು. ಬೆಳಗಿನ ಐದು ಗಂಟೆಗೆ ತಣ್ಣೀರು ಸುರಿದುಕೊಂಡು, ರಾತ್ರಿ ಗಳುವಿನ ಮೇಲೆ ಹರವಿದ್ದ ಸೀರೆಯನ್ನು ಕೋಲಿನಿಂದ ಎಳೆದು ಉಟ್ಟು, ಯಾರನ್ನೂ ಏನನ್ನೂ ಮುಟ್ಟದೆ ಒಲೆ ಹಚ್ಚಿದಳು. ಅಷ್ಟೆಲ್ಲ ನಿಷ್ಠೆಯಿಂದ ಅವಳು ಮಾಡಿದ್ದು ಮೋಸ. ಹಿಟ್ಟಿನ ಗಿರಣಿಯಲ್ಲಿ ಅಕ್ಕಿಯ ಜೊತೆ ಅರ್ಧಕ್ಕರ್ಧ ಉದ್ದಿನಬೇಳೆ ಸೇರಿಸಿ ನುಣ್ಣಗೆ ಬೀಸಿಸಿಕೊಂಡು ಬಂದಿದ್ದಳು. ಎರಡೂ ಬಿಳಿ, ಕಣ್ಣಿಗೆ ಗೊತ್ತಾಗುವುದಿಲ್ಲ. ಜೀರಿಗೆ, ಮೆಣಸು, ತುಪ್ಪ ಧಾರಾಳವಾಗಿ ಹಾಕಿ ಬೆಳಿಗ್ಗೆ ಒಂದು ಲೋಟ, ಮಧ್ಯಾಹ್ನಕ್ಕೆ ಮುಚ್ಚಿಟ್ಟು ಹೋಗಲು ಒಂದು, ಸಂಜೆ ಒಂದು.

ಮೊದಲ ಲೋಟ ಕೊಟ್ಟು ಒದ್ದೆ ಕೂದಲಲ್ಲೇ ಅಮ್ಮನೆದುರು ನಿಂತಳು. ಅಮ್ಮಣ್ಣಿ ಒಂದು ಗುಟುಕು ಕುಡಿದು, ಲೋಟವನ್ನು ಕೆಳಗಿಟ್ಟಳು. “ಬಿಸಿ ಜಾಸ್ತಿ” ಎಂದಳು ಅಮ್ಮ. ಆಮೇಲೆ ಪೂರ್ತಿ ಕುಡಿದಳು.

ದಿನಗಳು ಹೋದಂತೆ ವಾರಿಜಾಗೆ ನೆಮ್ಮದಿ ಹೆಚ್ಚಬೇಕಿತ್ತು. ಸಂಕಟವೇ ಹೆಚ್ಚಿತು. ತರಗತಿಯಲ್ಲಿ ಮಾತು ತಪ್ಪಿಹೋಗುತ್ತಿತ್ತು. ಅಮ್ಮ ಸ್ವಚ್ಛ ಮನಸ್ಸಿನಿಂದ ಹಿಡಿದಿದ್ದ ವ್ರತವನ್ನು ದಿನಕ್ಕೆ ಮೂರು ಸಲ ಕೆಡಿಸುತ್ತಿರುವವಳು ತಾನು. ದೇವರು, ಪಾಪ ಎಂಬುದರಲ್ಲಿ ಅವಳಿಗೆ ಅಂಥ ನಂಬಿಕೆ ಇರಲಿಲ್ಲ. ಆದರೆ ಅಮ್ಮನಿಗೆ ಇತ್ತಲ್ಲ, ನಂಬಿದವಳಿಗೆ ಮಾಡಿದ ಮೋಸ ಮೋಸವೇ. ಸತ್ತರೂ ಸರಿ, ಸತ್ಯ ಹೇಳಿಬಿಡೋಣ ಎಂದು ಎಷ್ಟೋ ಸಲ ಬಾಯಿಗೆ ಬಂದದ್ದನ್ನು ಆ ಪಾದ ನೋಡಿ ನುಂಗಿಕೊಂಡಳು. ಪಾದದ ಮೂಳೆ ಮತ್ತೆ ಕಾಣತೊಡಗಿತ್ತು. ದೀಪಾವಳಿ ಕಳೆದ ಮೇಲಿನ ವಾರ ಗೌರೀಶಂಕರರು ಮತ್ತೆ ರಕ್ತ ನೋಡಿ, “ಏರ್ತಿದೆ ಮೇಡಂ. ಗಂಡಾಂತರ ದಾಟಿದ್ರು. ಏನು ಕೊಡ್ತಿದೀರೋ ಅದನ್ನೇ ಕೊಡಿ, ನಿಲ್ಲಿಸಬೇಡಿ” ಎಂದರು.

ಆ ಭಾನುವಾರ ಬೆಳಿಗ್ಗೆ ವಾರಿಜಾ ಗಂಜಿ ತಿರುವುತ್ತಿದ್ದಳು. ಅಮ್ಮಣ್ಣಿ ಯಾರ ಆಸರೆಯೂ ಇಲ್ಲದೆ ನಡೆದು ಬಂದು ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತಳು. ಎಷ್ಟು ದಿನವಾಗಿತ್ತು ಅವಳು ಹಾಗೆ ನಡೆದು! ವಾರಿಜಾ ಸಂತೋಷದಲ್ಲಿ ತಿರುಗಿ ನೋಡುವಷ್ಟರಲ್ಲಿ ಅಮ್ಮ, ನಿನ್ನೆಯ ಸಾರಿಗೆ ಉಪ್ಪು ಕಡಿಮೆಯಾಗಿತ್ತು ಎಂದು ಹೇಳುವ ಧಾಟಿಯಲ್ಲೇ ಹೇಳಿದಳು:

“ಉದ್ದನ್ನ ಸ್ವಲ್ಪ ಹುರಿದು ಬೀಸಿಸಿದ್ರೆ ಈ ಹಸಿ ವಾಸನೆ ಇರ್ತಿರಲಿಲ್ಲ ಕಣೇ.”

ಸೌಟು ವಾರಿಜಾಳ ಕೈಯಿಂದ ಜಾರಿ ಪಾತ್ರೆಯೊಳಗೆ ಬಿತ್ತು.

“ಯಾವತ್ತು ಗೊತ್ತಾಯ್ತಮ್ಮ?”

“ಮೊದಲನೇ ಗುಟುಕಿಗೇ. ಐವತ್ತು ವರ್ಷ ಉದ್ದು ರುಬ್ಬಿದ ಕೈ ಇದು.”

“ಮತ್ತೆ ಯಾಕೆ ಕುಡಿದೆ? ಲೋಟ ಎತ್ತಿ ಎಸೀಬಹುದಿತ್ತಲ್ಲ. ಯಾಕಮ್ಮ ಕುಡಿದೆ?”

“ಎಸೆದಿದ್ರೆ ನೀನು ಇನ್ನೇನು ಮಾಡ್ತಿದ್ದೆಯೋ. ಮಡಿಯುಟ್ಟು ಗಡಗಡ ನಡುಗ್ತಾ ನಿಂತಿದ್ದೆ, ಹೊಡೆಸಿಕೊಳ್ಳೋಕೆ ಕಾಯೋ ಮಗು ಥರ.” ಅಮ್ಮಣ್ಣಿ ತನ್ನ ಪಾದವನ್ನು ತಾನೇ ಒತ್ತಿ ನೋಡಿಕೊಂಡಳು. “ನನಗೆ ಗೊತ್ತಿಲ್ಲದೆ ಕುಡಿದಿದ್ರೆ ಕೆಡಿಸಿದ ಪಾಪ ನಿನಗೆ ಬರ್ತಿತ್ತು. ಗೊತ್ತಿದ್ದು ಕುಡಿದೆ. ನನ್ನ ವ್ರತ ನಾನೇ ಕೆಡಿಸ್ಕೊಂಡೆ, ನಿನಗೇನೂ ಇಲ್ಲ.”

ವಾರಿಜಾ ಅಲ್ಲೇ ನೆಲದ ಮೇಲೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. “ಅಪ್ಪನ ಜೊತೆ ಶುರುಮಾಡಿದ್ದು ಅಂದಿದ್ಯಲ್ಲಮ್ಮ. ಅದೊಂದೇ ಉಳಿದಿರೋದು ಅಂದಿದ್ಯಲ್ಲ.”

“ಹೌದು” ಎಂದಳು ಅಮ್ಮಣ್ಣಿ. “ಹೋಯ್ತು.”

ಗಂಡ ಹೋದ ದಿನವೂ ಎಲ್ಲರೆದುರು ಅಳದಿದ್ದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬದುಕಿಸಿದೆನೆಂಬ ಸಮಾಧಾನವನ್ನು ವಾರಿಜಾ ಎಷ್ಟು ಹುಡುಕಿದರೂ ಆಗ ಅವಳಿಗೆ ಅದು ಸಿಗಲಿಲ್ಲ. ಅಮ್ಮನನ್ನು ಉಳಿಸಿಕೊಂಡಿದ್ದಳು, ನಿಜ. ಅಪ್ಪನನ್ನು ಅಮ್ಮನ ಕೈಯಿಂದ ಕಿತ್ತುಕೊಂಡು ಉಳಿಸಿಕೊಂಡಿದ್ದಳು.

ಗಂಜಿ ತಳ ಹಿಡಿಯುವ ವಾಸನೆ ಬಂತು. “ಏಳು, ಉರಿ ಸಣ್ಣ ಮಾಡು” ಎಂದಳು ಅಮ್ಮ. ವಾರಿಜಾ ಎದ್ದು, ಮುಖ ಒರೆಸಿಕೊಂಡು, ಲೋಟಕ್ಕೆ ಬಗ್ಗಿಸಿ ಕೊಟ್ಟಳು. ನೀರು ಕುಡಿಯುವಾಗಲೂ ಕೃಷ್ಣಾರ್ಪಣ ಎನ್ನದೆ ಕುಡಿಯದವಳು ಅಮ್ಮಣ್ಣಿ. ಈ ಗಂಜಿಯ ಮುಂದೆ ಆ ಮಾತನ್ನು ಇಷ್ಟು ದಿನ ಒಮ್ಮೆಯೂ ಆಡಿರಲಿಲ್ಲ ಎಂಬುದು ವಾರಿಜಾಗೆ ಹೊಳೆದದ್ದು ಈಗ. ದೇವರಿಗೆ ತೋರಿಸಲಾಗದ್ದನ್ನು ಮಗಳಿಗೋಸ್ಕರ ಒಬ್ಬಳೇ ಕುಡಿಯುತ್ತ ಬಂದಿದ್ದಳು. ಇವತ್ತೂ ಏನೂ ಹೇಳದೆ ಲೋಟ ಎತ್ತಿ, ಕಣ್ಣು ಮುಚ್ಚಿಕೊಂಡು, ತಳದವರೆಗೂ ಕುಡಿದಳು.